ಓದುಗರ ಪ್ರಶ್ನೆ: ಸ್ಕೂಬಾ ರೆಗ್ಯುಲೇಟರ್ ಆರಿಸುವುದು ಹೇಗೆ?

ಪ್ರಶ್ನೆ: ಕಳೆದ ವರ್ಷ ನೇತ್ರಾಣಿಯಲ್ಲಿ ಸ್ಕೂಬಾ ತರಬೇತಿ ಮುಗಿಸಿದ್ದೇನೆ. ಇನ್ನು ಮುಂದೆ ವರ್ಷಕ್ಕೆ ಎರಡು ಮೂರು ಸಲ ಅಲ್ಲಿಗೂ ಅಂಡಮಾನಿಗೂ ಹೋಗುವ ಆಸೆಯಿದೆ. ಬಾಡಿಗೆಯದ್ದನ್ನು ಬಾಯಿಗಿಡಲು ಮನಸ್ಸಾಗದೆ ಸ್ವಂತ ರೆಗ್ಯುಲೇಟರ್ ಕೊಳ್ಳಬೇಕೆಂದಿದ್ದೇನೆ. ಅಂಗಡಿಯಲ್ಲಿ ಪಿಸ್ಟನ್, ಡಯಾಫ್ರಾಮ್, ಬ್ಯಾಲೆನ್ಸ್ಡ್, ಅನ್‌ಬ್ಯಾಲೆನ್ಸ್ಡ್ ಎಂದೆಲ್ಲ ಹೇಳಿದರು. ಬೆಲೆಯಲ್ಲಿ ದುಪ್ಪಟ್ಟು ವ್ಯತ್ಯಾಸವಿದೆ. ಯಾವುದನ್ನು ಆರಿಸಲಿ?
(ಬೆಂಗಳೂರಿನ ಓದುಗರು)

ಉತ್ತರ: ರೆಗ್ಯುಲೇಟರ್ ಎಂದರೆ ಸಿಲಿಂಡರಿನ ಗಾಳಿಯನ್ನು ಉಸಿರಾಡಲು ತಕ್ಕ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ಉಪಕರಣ. ಈ ಹೆಸರುಗಳೆಲ್ಲ ಅದರ ಫಸ್ಟ್ ಸ್ಟೇಜ್‌ಗೆ, ಅಂದರೆ ಸಿಲಿಂಡರಿನ ತಲೆಗೆ ಕಚ್ಚಿಕೊಳ್ಳುವ ಲೋಹದ ಭಾಗಕ್ಕೆ ಸಂಬಂಧಿಸಿದವು. ತುಂಬಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿಯಿರುತ್ತದೆ. ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 9-10 ಬಾರ್ ಹೆಚ್ಚಿರುವಷ್ಟಕ್ಕೆ ಇಳಿಸಿ ಕೊಳವೆಗೆ ಬಿಡುತ್ತದೆ. ಬಾಯಲ್ಲಿ ಕಚ್ಚಿ ಹಿಡಿಯುವ ಸೆಕೆಂಡ್ ಸ್ಟೇಜ್ ನೀವು ಉಸಿರೆಳೆದಾಗ ಮಾತ್ರ ತೆರೆದುಕೊಂಡು, ಆ ಆಳದ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುತ್ತದೆ. ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾನ್ 1943ರಲ್ಲಿ ರೂಪಿಸಿದ ಉಪಕರಣದಿಂದ ಇಂದಿನವರೆಗೆ, ಕೇಳಿದಾಗ ಮಾತ್ರ ಗಾಳಿ ಕೊಡಬೇಕು ಎಂಬ ತತ್ವ ಬದಲಾಗಿಲ್ಲ.

ಅನ್‌ಬ್ಯಾಲೆನ್ಸ್ಡ್ ಪಿಸ್ಟನ್‌ನಲ್ಲಿ ಚಲಿಸುವ ಭಾಗಗಳು ಬಹಳ ಕಡಿಮೆ. ಅದು ಗಟ್ಟಿಮುಟ್ಟು, ಸರ್ವಿಸ್ ಖರ್ಚೂ ಕಡಿಮೆ. ಆದರೆ ಸಿಲಿಂಡರಿನ ಒತ್ತಡ ಇಳಿದಂತೆ ಅದು ಕೊಡುವ ಒತ್ತಡವೂ ತುಸು ಇಳಿಯುವುದರಿಂದ, ಗಾಳಿ ಮುಗಿಯುತ್ತ ಬಂದಾಗ ಉಸಿರೆಳೆಯುವುದು ಸ್ವಲ್ಪ ಬಿಗಿಯೆನಿಸುತ್ತದೆ. ಹನ್ನೆರಡು ಹದಿನೈದು ಮೀಟರಿನಲ್ಲಿ ಇದು ನಿಮ್ಮ ಗಮನಕ್ಕೂ ಬಾರದೆ ಹೋಗಬಹುದು. ಮೂವತ್ತು ಮೀಟರಿನ ಮಾತೇ ಬೇರೆ: ಅಲ್ಲಿ ಒತ್ತಡ 4 ಬಾರ್ ಆಗಿ, ನೀವು ಎಳೆಯುವ ಗಾಳಿ ಮೇಲಿನದಕ್ಕಿಂತ ನಾಲ್ಕು ಪಟ್ಟು ಸಾಂದ್ರವಾಗಿರುತ್ತದೆ. ಅಂಥ ಕಡೆ ಜೊತೆಗಾರನ ಗಾಳಿ ಮುಗಿದು, ಇಬ್ಬರೂ ನಿಮ್ಮ ಒಂದೇ ಫಸ್ಟ್ ಸ್ಟೇಜ್‌ನಿಂದ ಗಾಬರಿಯ ಉಸಿರೆಳೆಯತೊಡಗಿದರೆ ಬ್ಯಾಲೆನ್ಸ್ಡ್ ಎಂಬ ಪದದ ಬೆಲೆ ತಿಳಿಯುತ್ತದೆ. ಸಿಲಿಂಡರಿನ ಒತ್ತಡ ಇಳಿದರೂ ಕೊಡುವ ಒತ್ತಡ ಹೆಚ್ಚುಕಡಿಮೆ ಅಷ್ಟೇ ಉಳಿಯುವುದೇ ಬ್ಯಾಲೆನ್ಸ್ಡ್ ಮಾದರಿಯ ಗುಣ. ಅಂಡಮಾನಿನ ಆಸೆಯಿರುವ ನೀವು ಬ್ಯಾಲೆನ್ಸ್ಡ್ ಕೊಳ್ಳಿ ಎಂದೇ ನನ್ನ ಸಲಹೆ. ಬ್ಯಾಲೆನ್ಸ್ಡ್‌ನಲ್ಲಿ ಪಿಸ್ಟನ್ ಕೂಡ ಒಳ್ಳೆಯದೇ. ಆದರೆ ಡಯಾಫ್ರಾಮ್ ಮಾದರಿಯಲ್ಲಿ ರಬ್ಬರಿನ ಪರದೆಯೊಂದು ಒಳಗಿನ ವಾಲ್ವನ್ನು ಉಪ್ಪುನೀರಿನಿಂದ ದೂರವಿಡುತ್ತದೆ. ಮರಳು ಕದಡಿದ ನೀರಿನಲ್ಲಿ ಇಳಿಯುವವರಿಗೆ, ಡೈವ್ ಮುಗಿಸಿ ಬಸ್ಸೇರಿ ಮರುದಿನ ಮನೆಯಲ್ಲಿ ಉಪಕರಣ ತೊಳೆಯುವವರಿಗೆ ಇದು ಸಣ್ಣ ಅನುಕೂಲವಲ್ಲ.

ಇದೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇದನ್ನು ಸರ್ವಿಸ್ ಮಾಡುವವರು ಯಾರು? ನನ್ನ ಮೊದಲ ರೆಗ್ಯುಲೇಟರನ್ನು ವಿದೇಶದಿಂದ ಬರುವ ಪರಿಚಿತರ ಕೈಯಲ್ಲಿ ಅಗ್ಗಕ್ಕೆ ತರಿಸಿದ್ದೆ. ಉಸಿರಾಟಕ್ಕೆ ಅದು ಸೊಗಸಾಗಿತ್ತು. ಎರಡನೆಯ ವರ್ಷ ಸೀಲುಗಳನ್ನು ಬದಲಿಸಬೇಕಾಗಿ ಬಂದಾಗ ಆ ಮಾದರಿಯ ಕಿಟ್ ಇಲ್ಲಿ ಯಾರಲ್ಲಿಯೂ ಸಿಗಲಿಲ್ಲ. ಒಂದಿಡೀ ಹಂಗಾಮು ಅದು ಕಪಾಟಿನಲ್ಲಿ ಕುಳಿತಿತ್ತು, ನಾನು ಬಾಡಿಗೆಯದ್ದರಲ್ಲಿಯೇ ಮುಳುಗಿದೆ. ಆದ್ದರಿಂದ ಕೊಳ್ಳುವ ಮೊದಲೇ ಬಿಡಿಭಾಗಗಳು ಎಲ್ಲಿ ಸಿಗುತ್ತವೆ, ಆ ಕಂಪನಿಯ ತರಬೇತಿ ಪಡೆದ ತಂತ್ರಜ್ಞರು ಯಾವ ಊರಿನಲ್ಲಿದ್ದಾರೆ ಎಂಬುದನ್ನು ವಿಚಾರಿಸಿ. ಇದಕ್ಕೆ ಸ್ಪಷ್ಟ ಉತ್ತರ ಕೊಡದ ಅಂಗಡಿಯವರು ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ಪ್ರಶ್ನೆ: ಪರಿಚಿತರೊಬ್ಬರು ನಾಲ್ಕು ವರ್ಷ ಬಳಸಿದ ರೆಗ್ಯುಲೇಟರನ್ನು ಮಾರುತ್ತಿದ್ದಾರೆ. ಕೊಳ್ಳಬಹುದೇ? ಏನನ್ನು ನೋಡಬೇಕು?
(ಮಂಗಳೂರಿನ ಓದುಗರು)

ಉತ್ತರ: ಕೊಳ್ಳಬಹುದು, ಆದರೆ ಪೂರ್ಣ ಸರ್ವಿಸ್‌ನ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಮೊದಲು ಧೂಳುಮುಚ್ಚಳ ತೆಗೆದು, ಗಾಳಿ ಒಳಹೋಗುವ ರಂಧ್ರದಲ್ಲಿರುವ ಪುಟ್ಟ ಲೋಹದ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ. ಅದು ಒಂದೇ ಬಣ್ಣದಲ್ಲಿ ಹೊಳೆಯುತ್ತಿರಬೇಕು. ಹಳೆಯ ತಾಮ್ರದ ಪಾತ್ರೆಯ ಕಿಲುಬಿನಂಥ ಹಸಿರು ಕಂಡರೆ ಉಪ್ಪುನೀರು ಒಳಗೆ ಹೋಗಿದೆ ಎಂದರ್ಥ. ಹೊರಮೈ ಎಷ್ಟೇ ಫಳಫಳಿಸಿದರೂ ಅಂಥದ್ದನ್ನು ಬಿಡುವುದು ಒಳ್ಳೆಯದು. ಬಳಿಕ ಕೊಳವೆಗಳನ್ನು, ಅವು ಲೋಹಕ್ಕೆ ಸೇರುವ ಕಡೆಯಲ್ಲಿ ವಿಶೇಷವಾಗಿ, ಬಾಗಿಸಿ ಬಿರುಕುಗಳಿವೆಯೇ ನೋಡಿ. ಸಿಲಿಂಡರಿಗೆ ಜೋಡಿಸದೆ, ಧೂಳುಮುಚ್ಚಳವನ್ನು ಬಿಗಿಯಾಗಿ ಹಾಕಿ, ಮೌತ್‌ಪೀಸನ್ನು ಬಾಯಲ್ಲಿಟ್ಟು ಮೆಲ್ಲಗೆ ಉಸಿರೆಳೆಯಿರಿ. ಒಂದಿಷ್ಟೂ ಗಾಳಿ ಬರಬಾರದು. ಬಂದರೆ ಪರದೆಯೋ ಉಸಿರು ಬಿಡುವ ವಾಲ್ವೋ ಎಲ್ಲೋ ಸೋರುತ್ತಿದೆ, ನೀರಿನಲ್ಲಿ ಅದೇ ಸಂದಿನಿಂದ ಬಾಯಿಗೆ ನೀರು ಬರುತ್ತದೆ.

ಕೊನೆಯ ಪರೀಕ್ಷೆಯನ್ನು ತಂತ್ರಜ್ಞರ ಬಳಿ ಮಾಡಿಸಬೇಕು. ಜಾಕೆಟ್ಟಿಗೆ ಗಾಳಿ ತುಂಬುವ ಕೊಳವೆಯ ತುದಿಗೆ ಒತ್ತಡಮಾಪಕ ಜೋಡಿಸಿ ಸಿಲಿಂಡರ್ ತೆರೆದಾಗ, ಮುಳ್ಳು ತಯಾರಕರು ಹೇಳಿದ ಅಂಕಿಗೆ ಬಂದು ನಿಲ್ಲಬೇಕು. ಸೆಕೆಂಡ್ ಸ್ಟೇಜ್‌ನ ಮುಂದಿನ ಗುಂಡಿ ಒತ್ತಿ ಗಾಳಿ ಬಿಟ್ಟಾಗ ಇಳಿದು, ಬಿಟ್ಟೊಡನೆ ಅಲ್ಲಿಗೇ ಮರಳಿ ಅಲುಗಾಡದೆ ನಿಲ್ಲಬೇಕು. ಕೆಲವು ನಿಮಿಷ ಅದನ್ನೇ ನೋಡುತ್ತಿರಿ. ಮುಳ್ಳು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲಕ್ಕೆ ತೆವಳುತ್ತಿದ್ದರೆ ಒಳಗೆ ವಾಲ್ವ್ ಕೂರುವ ಸೀಟು ಸವೆದಿದೆ. ಇವತ್ತಲ್ಲದಿದ್ದರೆ ನಾಳೆ ಸೆಕೆಂಡ್ ಸ್ಟೇಜ್‌ನಿಂದ ಗಾಳಿ ತಾನಾಗಿ ಹರಿಯತೊಡಗುತ್ತದೆ.

ಪ್ರಶ್ನೆ: ನಾನು ಜರ್ಮನಿಯಲ್ಲಿದ್ದೇನೆ. ಇಲ್ಲಿನ ಕೆರೆಗಳಲ್ಲಿಯೂ ರಜೆಗೆ ಬಂದಾಗ ನೇತ್ರಾಣಿಯಲ್ಲಿಯೂ ಒಂದೇ ರೆಗ್ಯುಲೇಟರ್ ಬಳಸಬಹುದೇ?
(ಮ್ಯೂನಿಕ್‌ನ ಓದುಗರು)

ಉತ್ತರ: ಬಳಸಬಹುದು, ಅಲ್ಲಿನ ನೀರನ್ನು ಗಮನದಲ್ಲಿಟ್ಟು ಕೊಂಡಿದ್ದರೆ. ಹೆಚ್ಚಿನ ಒತ್ತಡದ ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ. ನೀರೂ ತಣ್ಣಗಿದ್ದರೆ ಫಸ್ಟ್ ಸ್ಟೇಜ್‌ನ ಸುತ್ತ ಮಂಜುಗಡ್ಡೆ ಕಟ್ಟಿ ವಾಲ್ವ್ ತೆರೆದೇ ಉಳಿಯಬಹುದು, ಆಗ ಗಾಳಿ ಎಡೆಬಿಡದೆ ಹೊರಗೆ ಹರಿದು ಸಿಲಿಂಡರ್ ಬೇಗನೆ ಬರಿದಾಗುತ್ತದೆ. ಯುರೋಪಿನ ಇಎನ್ 250 ಮಾನದಂಡದ ಪ್ರಕಾರ ತಣ್ಣೀರಿನ ಪರೀಕ್ಷೆಯಲ್ಲಿ ಗೆಲ್ಲದ ರೆಗ್ಯುಲೇಟರಿನ ಮೇಲೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿನ ನೀರಿಗೆ ಮಾತ್ರ ಎಂಬ ಗುರುತು ಇರುತ್ತದೆ. ಅದಿರುವುದನ್ನು ನೀವು ಕೊಳ್ಳಬೇಡಿ. ಹೊರಗಿನ ಸ್ಪ್ರಿಂಗಿನ ಕೋಣೆಗೂ ನೀರು ತಾಗದಂತೆ ಮುಚ್ಚಿದ ಡಯಾಫ್ರಾಮ್ ಮಾದರಿ ನಿಮಗೆ ಹೊಂದುತ್ತದೆ.

ಜೋಡಣೆಯ ವಿಷಯಕ್ಕೆ ಬಂದರೆ, ಜರ್ಮನಿಯಲ್ಲಿ ತಿರುಗಿಸಿ ಕೂರಿಸುವ ಡಿನ್ ಬಗೆಯೇ ರೂಢಿ, ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಸಿಲಿಂಡರಿನ ಮೇಲೆ ಬಿಗಿಯುವ ಯೋಕ್. ಡಿನ್ ಕೊಂಡು, ಜೊತೆಗೆ ಯೋಕ್ ಅಡಾಪ್ಟರ್ ಒಂದನ್ನು ಚೀಲದಲ್ಲಿಟ್ಟುಕೊಳ್ಳಿ. ಡಿನ್‌ನಲ್ಲಿ ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರಿನ ಉಂಗುರ, ನಿಮ್ಮ ರೆಗ್ಯುಲೇಟರಿನಲ್ಲಿಯೇ ಇರುವುದರಿಂದ ಅದರ ಆರೈಕೆ ನಿಮ್ಮ ಕೈಯಲ್ಲಿರುತ್ತದೆ. ಯೋಕ್‌ನಲ್ಲಿ ಅದು ಬಾಡಿಗೆ ಸಿಲಿಂಡರಿನದ್ದು, ಸವೆದಿದೆಯೇ ಎಂದು ಪ್ರತಿ ಸಲವೂ ನೀವೇ ನೋಡಬೇಕು.

ಪ್ರಶ್ನೆ: ಆಕ್ಟೋಪಸ್‌ಗೆ ಅಗ್ಗದ ಸೆಕೆಂಡ್ ಸ್ಟೇಜ್ ಸಾಕೇ?
(ಕಾರವಾರದ ಓದುಗರು)

ಉತ್ತರ: ಆಕ್ಟೋಪಸ್ ಎಂದರೆ ಜೊತೆಗಾರನ ಗಾಳಿ ಮುಗಿದಾಗ ಕೊಡಲೆಂದು ಇರುವ ಹೆಚ್ಚುವರಿ ಸೆಕೆಂಡ್ ಸ್ಟೇಜ್. ಅದು ಅಗ್ಗದ್ದಾದರೂ ಆದೀತು, ಕೆಟ್ಟದ್ದಾಗಬಾರದು. ಅದನ್ನು ಬಳಸುವವರು ಆ ಕ್ಷಣದಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿರುವವರು. ದೂರದಿಂದಲೇ ಕಾಣುವ ಹಳದಿ ಬಣ್ಣ ಮತ್ತು ಉದ್ದನೆಯ ಕೊಳವೆ ಇರಲಿ, ನೀರಿಗಿಳಿಯುವ ಮೊದಲು ಪ್ರತಿ ಸಲವೂ ಅದರಿಂದ ನಾಲ್ಕು ಉಸಿರು ಎಳೆದು ನೋಡಿ.

ಪ್ರಶ್ನೆ: ರೆಗ್ಯುಲೇಟರನ್ನು ತೊಳೆಯುವ ಸರಿಯಾದ ಕ್ರಮ ಯಾವುದು?
(ಉಡುಪಿಯ ಓದುಗರು)

ಉತ್ತರ: ಸಾಧ್ಯವಾದರೆ ಸಿಲಿಂಡರಿಗೆ ಜೋಡಿಸಿ, ಗಾಳಿ ತೆರೆದಿರುವಾಗಲೇ ಸಿಹಿನೀರಿನಲ್ಲಿ ತೊಳೆಯಿರಿ. ಸಾಧ್ಯವಾಗದಿದ್ದರೆ ಧೂಳುಮುಚ್ಚಳವನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಬಿಗಿಯಾಗಿ ಹಾಕಿ, ಬಳಿಕ ನೆನೆಹಾಕಿ. ನೆನೆದಿರುವಾಗ ಸೆಕೆಂಡ್ ಸ್ಟೇಜ್‌ನ ಮುಂದಿನ ಗುಂಡಿಯನ್ನು ಒತ್ತಬಾರದು. ಒತ್ತಿದರೆ ವಾಲ್ವ್ ತೆರೆದು ನೀರು ಕೊಳವೆಯೊಳಗೆ ಇಳಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಬಕೆಟನ್ನು ಅವರ ಕೈಗೆ ಸಿಗದ ಕಡೆ ಇಡಿ.