ಸುಸ್ತು ಬರೆದಿಟ್ಟ ಸುಮಾ

ಅವರನ್ನು ಸುಮಾ ಅಂತ ಕರೆಯೋಣ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ವಯಸ್ಸು 34, ಮಲೆನಾಡಿನ ಒಂದು ಊರಲ್ಲಿ ಟೀಚರ್. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇದೆ ಅಂತ ಗೊತ್ತಾಗಿ ಎರಡು ವರ್ಷ. ಡಾಕ್ಟರ್ ಇರುವುದು ಬೆಂಗಳೂರಿನಲ್ಲಿ. ಸುಸ್ತಿನ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು, ನಾವು ಮಾತಾಡುತ್ತಿದ್ದದ್ದು ವಿಡಿಯೊ ಕಾಲ್‌ನಲ್ಲಿ.

ಮೊದಲ ದಿನ ಕೇಳಿದ್ದು ಒಂದೇ ಮಾತು: "ಮೇಡಂ, ನಾನು ಸೋಮಾರಿ ಆಗ್ಬಿಟ್ಟಿದ್ದೀನಾ?" ನೋಡೋಕೆ ಚೆನ್ನಾಗೇ ಇದ್ದೀಯಲ್ಲ, ಏನಮ್ಮ ಇಷ್ಟು ಸುಸ್ತು ಅಂತ ಅತ್ತೆ ಕೇಳುತ್ತಿದ್ದರಂತೆ. ಈ ಕಾಯಿಲೆಯಲ್ಲಿ ನರಗಳ ಮೇಲಿನ ಹೊದಿಕೆ ಹಾಳಾಗುತ್ತದೆ, ಸುಸ್ತು ತುಂಬ ಜನರಿಗೆ ಕಾಡುತ್ತದೆ. ಅದು ಹೊರಗೆ ಕಾಣುವುದಿಲ್ಲ, ಅದೇ ಕಷ್ಟ. ರಕ್ತಹೀನತೆ, ಥೈರಾಯ್ಡ್, ನಿದ್ದೆಯ ತೊಂದರೆ ಇದೆಯಾ ಅಂತ ಡಾಕ್ಟರ್ ಹತ್ತಿರ ನೋಡಿಸಿಕೊಳ್ಳಿ ಅಂತ ಮೊದಲು ಹೇಳಿದೆ.

ಸುಸ್ತು ಬರೆದಿಡುವ ಆ್ಯಪ್ ಅವರ ಫೋನಿನಲ್ಲಿ ಆಗಲೇ ಇತ್ತು. ಆರನೇ ದಿನಕ್ಕೇ ಬಿಟ್ಟಿದ್ದರು. "ಯಾರು ನೋಡ್ತಾರೆ ಮೇಡಂ?" ಅಂದರು. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಈ ಸುಸ್ತಿಗೆಂದೇ ಮಾಡಿದ ಒಂದು ಆನ್‌ಲೈನ್ ಕಾರ್ಯಕ್ರಮವನ್ನು ಇಂಗ್ಲೆಂಡಿನಲ್ಲಿ 40 ಜನರ ಮೇಲೆ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಸುಸ್ತು ಕಮ್ಮಿಯಾಗಿತ್ತು. ಅಲ್ಲಿ ನಡುನಡುವೆ ಒಬ್ಬರು ಫೋನ್ ಮಾಡಿ ಮಾತಾಡುತ್ತಿದ್ದರು. ಆಮೇಲೆ ನ್ಯೂಜಿಲೆಂಡಿನಲ್ಲಿ ಅದೇ ಕಾರ್ಯಕ್ರಮವನ್ನು 39 ಜನರಿಗೆ ಕೊಟ್ಟು, ಅರ್ಧದಷ್ಟು ಮಂದಿಗೆ ಇಮೇಲ್‌ನಲ್ಲಿ ಒಬ್ಬರ ಜೊತೆಯನ್ನೂ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಜೊತೆ ಇದ್ದವರಿಗೇ ಜಾಸ್ತಿ ಗುಣ ಕಂಡಿತು. ಚಿಕ್ಕ ಅಧ್ಯಯನಗಳೇ, ಆದರೂ ನಾನು ದಿನಾ ನೋಡುವುದಕ್ಕೆ ತಾಳೆಯಾಗುತ್ತವೆ.

ಹಾಗಾಗಿ ಒಪ್ಪಂದ ಮಾಡಿಕೊಂಡೆವು. ದಿನಕ್ಕೆ ಮೂರು ಸಲ ಸುಸ್ತಿಗೆ ಹತ್ತಕ್ಕೆ ಇಷ್ಟು ಅಂತ ಅಂಕ (ಸುಸ್ತು ಹೆಚ್ಚಿದಷ್ಟೂ ಅಂಕ ಹೆಚ್ಚು), ಪಕ್ಕದಲ್ಲಿ ಆಗಷ್ಟೇ ಮಾಡಿದ ಕೆಲಸ. ಶುಕ್ರವಾರ ಹದಿನೈದು ನಿಮಿಷ ಇಬ್ಬರೂ ಕೂತು ಓದುವುದು.

ಎರಡನೇ ಶುಕ್ರವಾರ ಓದುತ್ತಾ ಇಬ್ಬರೂ ಸುಮ್ಮನಾದೆವು. ಬೆಳಗ್ಗೆ ಎದ್ದಾಗ 3, ಏಳೂವರೆಗೆ 8. ಐದು ದಿನವೂ ಹಾಗೇ. ನಡುವೆ ಇದ್ದದ್ದು ಸ್ನಾನ! ಅತ್ತೆ ಪ್ರೀತಿಯಿಂದ ಹಂಡೆ ತುಂಬ ಕಾಯಿಸಿಡುತ್ತಿದ್ದ ಸುಡುಸುಡು ನೀರು. ಮೈ ದಣಿಸಿದ ಮೇಲೆ ಈ ಕಾಯಿಲೆಯವರ ಕಣ್ಣು ಸ್ವಲ್ಪ ಹೊತ್ತು ಮಂಜಾಗುತ್ತದೆ ಅಂತ ಜರ್ಮನಿಯ ಕಣ್ಣಿನ ವೈದ್ಯ ಉಟ್ಹಾಫ್ 1890ರಲ್ಲೇ ಬರೆದಿದ್ದರು. ಮೈ ಬಿಸಿಯಾದರೆ ಲಕ್ಷಣ ಸ್ವಲ್ಪ ಹೊತ್ತು ಜೋರಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಮೈ ತಣಿದರೆ ಅದು ಇಳಿಯುತ್ತದೆ. ಉಗುರುಬೆಚ್ಚಗಿನ ನೀರು, ಅದೂ ಸಂಜೆ ಅಂತ ಹೇಳಿದೆ. ಆ ಪುಟವನ್ನು ಅತ್ತೆಗೆ ನೀವೇ ತೋರಿಸಿ ಅಂತಲೂ ಹೇಳಿದೆ. ತೋರಿಸಿದರು. ಅತ್ತೆ ತುಂಬ ಹೊತ್ತು ಫೋನ್ ಹಿಡಿದುಕೊಂಡೇ ಕೂತಿದ್ದರಂತೆ.

ಇನ್ನೊಂದು ಸಲಹೆ ಸುಮಾಗೆ ಹಿಡಿಸಲೇ ಇಲ್ಲ. ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಬೇಡಿ, ದಣಿವಾಗುವ ಮೊದಲೇ ಕೂತುಬಿಡಿ ಅಂದೆ. ಮನೆಯಲ್ಲಿ ಅದು ಅಷ್ಟು ಸುಲಭ ಅಲ್ವಾ? ಹುರುಳಿಕಾಯಿ ಹೆಚ್ಚುವಾಗ ಅಡುಗೆಮನೆಗೊಂದು ಸ್ಟೂಲ್ ಬಂತು, ಅಷ್ಟು ಆಯಿತು.

ಈಗ ಹದಿನೈದು ದಿನಕ್ಕೊಮ್ಮೆ ಮಾತು. ಕಳೆದ ತಿಂಗಳು ನಾದಿನಿ ಮದುವೆಯಲ್ಲಿ ಓಡಾಡಿ ಎರಡು ದಿನ ಮಲಗಿದ್ದರು. ಆ ಎರಡು ದಿನವೂ ಅಂಕ ಬರೆದಿದ್ದರು: 9, 9.