ಓದುಗರ ಪ್ರಶ್ನೆ: ಅಜ್ಜನ ರಸೀದಿಯ ಮಂಡಲ ಪಂಚಾಯ್ತಿ ಎಲ್ಲಿ ಹೋಯಿತು?

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ 1988ರ ಮನೆ ತೆರಿಗೆ ರಸೀದಿ ಸಿಕ್ಕಿತು. ಮೇಲೆ ಮಂಡಲ ಪಂಚಾಯ್ತಿಯ ಸೀಲು ಇದೆ. ಆ ಹೆಸರಿನ ಪಂಚಾಯ್ತಿ ಈಗಿಲ್ಲ. ನಮ್ಮದು ಅರಣ್ಯ ಅತಿಕ್ರಮಣದ ಜಾಗ. ಈ ರಸೀದಿಯಿಂದ ಉಪಯೋಗ ಉಂಟೇ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಉಂಟು. ಮೊದಲು ಅದಕ್ಕೆ ಒರಲೆ ಹಿಡಿಯದಂತೆ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಡಿ.

ಆ ಕಾಲದಲ್ಲಿ ನಾನು ಘಟ್ಟದ ಮೇಲಿನ ಒಂದು ಮಂಡಲ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಂಥ ರಸೀದಿ ಸಾಕಷ್ಟು ಹರಿದುಕೊಟ್ಟಿದ್ದೇನೆ. ಮಂಡಲಗಳು ಬಂದದ್ದು 1983ರ ಕಾಯ್ದೆಯಿಂದ, ಚುನಾವಣೆ ಆದದ್ದು 1987ರ ಜನವರಿಯಲ್ಲಿ. ಇದರ ಹಿಂದೆ ಇದ್ದವರು ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಕೊಡಿಸಿ 'ನೀರ್ ಸಾಬ್' ಅನಿಸಿಕೊಂಡ ಮಂತ್ರಿ. ಹಲವು ಹಳ್ಳಿ ಸೇರಿ ಒಂದು ಮಂಡಲ, ಅದಕ್ಕೊಬ್ಬ ಪ್ರಧಾನ. ಹೆಂಗಸರಿಗೆ ನೂರಕ್ಕೆ 25 ಸೀಟು. ಇಡೀ ದೇಶಕ್ಕೆ ಮಹಿಳಾ ಮೀಸಲಾತಿ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತಿದು. ನಮ್ಮ ಸಭೆಯಲ್ಲಿ ಮೊದಲ ಸಲ ಒಬ್ಬ ಹೆಂಗಸು ಎದ್ದು ನಿಂತು, ಮಳೆಗಾಲದಲ್ಲಿ ಮಕ್ಕಳು ಹಳ್ಳ ದಾಟಿ ಶಾಲೆಗೆ ಹೋಗಲು ಕಾಲುಸಂಕ ಬೇಕೇ ಬೇಕು ಎಂದು ಹಟ ಹಿಡಿದರು. ಆ ಠರಾವು ಬರೆದದ್ದು ನಾನೇ. ನನ್ನ ನೌಕರಿಯಲ್ಲಿ ಅದಕ್ಕಿಂತ ಖುಷಿಯಿಂದ ಬರೆದ ಠರಾವು ಇನ್ನೊಂದಿಲ್ಲ.

ಐದು ವರ್ಷದ ಅವಧಿ 1992ರಲ್ಲಿ ಮುಗಿಯಿತು. ಮತ್ತೆ ಮಂಡಲಕ್ಕೆ ಚುನಾವಣೆ ಆಗಲಿಲ್ಲ. 1993ರ ಹೊಸ ಕಾಯ್ದೆಯಲ್ಲಿ ಗ್ರಾಮ ಪಂಚಾಯ್ತಿಗಳು ಬಂದವು. ಬೇರೆ ಕಡೆ ಒಂದು ಪಂಚಾಯ್ತಿಗೆ 5,000ದಿಂದ 7,000 ಜನ ಎಂದಿದ್ದರೆ, ನಮ್ಮಂಥ ಗುಡ್ಡಗಾಡು ಜಿಲ್ಲೆಗಳಿಗೆ 2,500 ಇದ್ದರೂ ಸಾಕು ಎಂದರು. ನಮ್ಮಲ್ಲಿ ಮನೆಗಳು ತೋಟಕ್ಕೊಂದು, ಬೆಟ್ಟಕ್ಕೊಂದು, ಅಲ್ವಾ? ಅದು ಸರಿಯಾದ ತೀರ್ಮಾನವೇ. ಆದರೆ ಮಂಡಲಗಳು ಪಂಚಾಯ್ತಿಗಳಾಗಿ ಹಂಚಿಹೋಗುವಾಗ ಕಡತಗಳೂ ಚದುರಿದವು. ಅದೇ ನನಗೆ ಇವತ್ತಿಗೂ ಬೇಸರ.

ಈಗ ನಿಮ್ಮ ಜಾಗದ ವಿಷಯ. ಕಾಡಿನ ಜಾಗದಲ್ಲಿ ಇದ್ದವರಿಗೆ ಹಕ್ಕು ಕೊಡುವ ಅರಣ್ಯ ಹಕ್ಕು ನಿಯಮದಲ್ಲಿ ಮನೆ ತೆರಿಗೆ ರಸೀದಿಯನ್ನೂ ಸಾಕ್ಷ್ಯವಾಗಿ ಹೆಸರಿಸಿದ್ದಾರೆ. ಆದರೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೂ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದದ್ದನ್ನು ತೋರಿಸಬೇಕು. ಅದಕ್ಕೆ 1988ರ ಒಂದು ಚೀಟಿ ಸಾಲದು. ಹಿಂದಕ್ಕೆ ಹೋಗಬೇಕು. ಮಂಡಲಕ್ಕೆ ಮೊದಲು 1959ರ ಕಾಯ್ದೆಯ ಪಂಚಾಯ್ತಿ ಮತ್ತು ತಾಲ್ಲೂಕು ಬೋರ್ಡ್ ಇದ್ದವು. 1956ರವರೆಗೆ ನಾವು ಮುಂಬೈಗೆ ಸೇರಿದ್ದೆವು, ಆಗಿನದು ಲೋಕಲ್ ಬೋರ್ಡ್.

ಮಂಡಲ ಕಚೇರಿ ಯಾವ ಊರಿನಲ್ಲಿತ್ತೋ ಅಲ್ಲಿನ ಗ್ರಾಮ ಪಂಚಾಯ್ತಿಗೇ ಮೊದಲು ಹೋಗಿ. ಹಳೆಯ ತೆರಿಗೆ ವಹಿ ಮತ್ತು ಠರಾವು ಪುಸ್ತಕದ ನಕಲು ಬೇಕೆಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಿ, ಶುಲ್ಕ 10 ರೂಪಾಯಿ. ಸುಮ್ನೆ ಬಾಯಿಮಾತಲ್ಲಿ ಕೇಳಿ ವಾಪಸ್ ಬರಬೇಡಿ. ನಿಮ್ಮ ಕೇರಿಯ ಹಿರಿಯರ ಹೇಳಿಕೆಯನ್ನೂ ಬರೆಸಿಕೊಳ್ಳಿ, ನಿಯಮದಲ್ಲಿ ಅದಕ್ಕೂ ಜಾಗ ಇದೆ. ಅವರು ಗಟ್ಟಿಯಾಗಿರುವಾಗಲೇ, ಈ ವರ್ಷವೇ ಬರೆಸಿ.