ಬೆಳ್ಳಿ ಬೆರೆಸಿದ ಸೋಲ್ಡರ್ ಹಾಕಿದರೆ ಆಂಪ್ಲಿಫೈಯರ್ ದನಿ ಸುಧಾರಿಸುತ್ತಾ?

ಪ್ರಶ್ನೆ: ಸರ್, ಎಲ್‌ಎಂ3886 ಐಸಿ ಹಾಕಿ ಸ್ಟೀರಿಯೊ ಆಂಪ್ಲಿಫೈಯರ್ ಕಟ್ಟುತ್ತಿದ್ದೇನೆ. ಬೆಳ್ಳಿ ಇರುವ ಸೋಲ್ಡರ್ (ಬಿಡಿಭಾಗ ಬೆಸೆಯಲು ಕರಗಿಸುವ ಲೋಹದ ತಂತಿ) ಹಾಕಿದರೆ ದನಿ ಸ್ವಚ್ಛವಾಗುತ್ತದೆ ಅನ್ನುತ್ತಾನೆ ಗೆಳೆಯ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅಂಗಡಿಯವರು ಸೀಸ ಇಲ್ಲದ್ದನ್ನೇ ಒಯ್ಯಿ ಅನ್ನುತ್ತಾರೆ. ಯಾವುದು ತರಲಿ? - ಓದುಗರು, ಹುಬ್ಬಳ್ಳಿ

ಉತ್ತರ: 63/37 ತನ್ನಿ. ಅಂದರೆ ತವರ 63 ಭಾಗ, ಸೀಸ 37 ಭಾಗ. ತಂತಿಯ ಒಳಗೆ ರಾಳದ ಫ್ಲಕ್ಸ್ (ಲೋಹದ ಮೇಲ್ಮೈ ಶುಚಿಮಾಡಿ ಸೋಲ್ಡರ್ ಹಿಡಿಸುವ ವಸ್ತು) ಇರಲಿ, ದಪ್ಪ 0.8 ಮಿ.ಮೀ. ಸಾಕು. ಉಳಿದ ದುಡ್ಡಿನಲ್ಲಿ ಬಿಸಿ ಹೊರಹಾಕುವ ಲೋಹದ ತುಂಡು, ಅಂದರೆ ಹೀಟ್‌ಸಿಂಕ್, ದೊಡ್ಡದು ಕೊಳ್ಳಿ, ಆ ಐಸಿಗೆ ಅದು ನಿಜಕ್ಕೂ ಬೇಕು.

ಬೆಳ್ಳಿಯ ಮಾತಿಗೆ ಬರೋಣ. ಸೋಲ್ಡರಿನ ರೋಧ ತಾಮ್ರದ ಎಂಟೊಂಬತ್ತು ಪಟ್ಟು, ಅದು ನಿಜ. ಆದರೆ ಒಂದು ಜಾಯಿಂಟಿನಲ್ಲಿ ಕರೆಂಟು ದಾಟಬೇಕಾದ ಸೋಲ್ಡರ್ ಎಷ್ಟು? ಹೆಚ್ಚೆಂದರೆ ಅರ್ಧ ಮಿ.ಮೀ. ಲೆಕ್ಕ ಹಾಕಿದರೆ ಸುಮಾರು 40 ಮೈಕ್ರೋಓಮ್. ನಿಮ್ಮ ಸ್ಪೀಕರಿಗೆ ಹೋಗುವ 1.5 ಚದರ ಮಿ.ಮೀ.ನ ಮೂರು ಮೀಟರ್ ವೈರ್, ಹೋಗಿ ಬರುವ ಎರಡೂ ಎಳೆ ಸೇರಿ, 70 ಮಿಲಿಓಮ್ ಹತ್ತಿರ ಇರುತ್ತದೆ. ಅದರ ಮುಂದೆ ಇದು ಯಾವ ಲೆಕ್ಕ?

ಹಾಗಾದರೆ ಸೋಲ್ಡರಿಗೆ ಬೆಳ್ಳಿ ಯಾಕೆ ಬೆರೆಸುತ್ತಾರೆ? ಕರಗಿದ ತವರಕ್ಕೆ ಬೆಳ್ಳಿ ತಿನ್ನುವ ಚಟ. ಬೆಳ್ಳಿ ಲೇಪದ ಟ್ಯಾಗಿಗೆ (ವೈರ್ ಬೆಸೆಯುವ ಲೋಹದ ಕೊಂಡಿಗೆ) ಮಾಮೂಲಿ ಸೋಲ್ಡರ್ ಮತ್ತೆ ಮತ್ತೆ ಹಾಕಿದರೆ ಲೇಪವೇ ಕರಗಿ ಹೋಗುತ್ತದೆ. ಸೋಲ್ಡರಿನಲ್ಲಿ ಮೊದಲೇ ಸ್ವಲ್ಪ ಬೆಳ್ಳಿ ಇದ್ದರೆ ಈ ತಿನ್ನಾಟ ಕಮ್ಮಿಯಾಗುತ್ತದೆ. 1950-60ರ ದಶಕದ ಟೆಕ್‌ಟ್ರಾನಿಕ್ಸ್ ಕಂಪನಿಯ ಆಸಿಲೋಸ್ಕೋಪುಗಳಲ್ಲಿ (ವಿದ್ಯುತ್ ಅಲೆಯನ್ನು ಪರದೆಯಲ್ಲಿ ತೋರಿಸುವ ಉಪಕರಣ) ಬೆಳ್ಳಿ ಲೇಪದ ಸಿರಾಮಿಕ್ ಪಟ್ಟಿಗಳಿದ್ದವು. ರಿಪೇರಿಗೆ ಅಂತ ಒಳಗೇ ಬೆಳ್ಳಿ ಸೋಲ್ಡರಿನ ಪುಟ್ಟ ಸುರುಳಿ ಇಟ್ಟು ಕಳಿಸುತ್ತಿದ್ದರು. ನಿಮ್ಮ ಬೋರ್ಡಿನಲ್ಲಿ ಅಂಥದ್ದೇನೂ ಇಲ್ಲ ಅಲ್ವಾ? ಬಿಟ್ಟುಬಿಡಿ.

ದನಿ ಕೆಡಿಸುವುದು ಕೆಟ್ಟ ಜಾಯಿಂಟು. ವಾಲ್ಯೂಮ್ ತಿರುಗಿಸದಿದ್ದರೂ ಕರಕರ, ಪೆಟ್ಟಿಗೆ ತಟ್ಟಿದರೆ ಒಂದು ಚಾನೆಲ್ ಮಾಯ. ಇದರಲ್ಲಿ ಬಹುಪಾಲು ಕೋಲ್ಡ್ ಜಾಯಿಂಟಿನ, ಅಂದರೆ ಸರಿಯಾಗಿ ಬೆಸೆಯದ ಜಾಯಿಂಟಿನ ಕಾಟ. 60/40 ಸೋಲ್ಡರ್ 183 ಡಿಗ್ರಿಗೆ ಕರಗಲು ಶುರುವಾದರೂ ಪೂರ್ತಿ ನೀರಾಗುವುದು 190ರ ಆಸುಪಾಸಿನಲ್ಲಿ. ನಡುವೆ ಅದು ಗಂಜಿ. ಆರುವಾಗ ವೈರ್ ಅಲುಗಿತೋ, ಜಾಯಿಂಟು ಕೆಟ್ಟಿತು. 63/37ಕ್ಕೆ ಆ ಗಂಜಿ ಹಂತವೇ ಇಲ್ಲ, 183ಕ್ಕೆ ಒಮ್ಮೆಲೇ ಕರಗುತ್ತದೆ, ಒಮ್ಮೆಲೇ ಗಟ್ಟಿಯಾಗುತ್ತದೆ. ಹೊಸಬರಿಗೆ ಇದೇ ದೊಡ್ಡ ಉಪಕಾರ.

ಸೀಸ ಇಲ್ಲದ್ದು ಬಂದದ್ದು ದನಿಗಾಗಿ ಅಲ್ಲ. ಎಸೆದ ಎಲೆಕ್ಟ್ರಾನಿಕ್ಸಿನ ಸೀಸ ಮಣ್ಣು, ನೀರು ಸೇರಬಾರದೆಂದು ಯುರೋಪ್ 2006ರ ಜುಲೈಯಿಂದ ಸೀಸಕ್ಕೆ ಕಡಿವಾಣ ಹಾಕುವ ನಿಯಮ ತಂದಿತು. ಈ ಜಾತಿಯಲ್ಲಿ ಹೆಚ್ಚು ಬಳಕೆಯ ಎಸ್‌ಎಸಿ305 (ತವರ, ಬೆಳ್ಳಿ, ತಾಮ್ರದ ಮಿಶ್ರಣ) ಕರಗಲು 217 ಡಿಗ್ರಿ ಬೇಕು. ಜಾಯಿಂಟು ಚೆನ್ನಾಗಿ ಕೂತರೂ ಮಂಕಾಗಿಯೇ ಕಾಣುತ್ತದೆ, ಹಾಗಾಗಿ ಕಣ್ಣಳತೆ ಕಷ್ಟ. ಅಭ್ಯಾಸ ಇದ್ದವರು ಧಾರಾಳವಾಗಿ ಬಳಸಲಿ.

ಸೀಸದ ಭಯ ಪೂರ್ತಿ ಸುಳ್ಳಲ್ಲ. ಸೋಲ್ಡರ್ ಕರಗಿಸುವ ಐರನ್ನಿನ 330-350 ಡಿಗ್ರಿಗೆ ಸೀಸ ಆವಿಯಾಗಿ ಮೂಗಿಗೆ ಬರುವುದಿಲ್ಲ. ಆ ಹೊಗೆ ರಾಳದ್ದು, ಆದರೆ ಅದೂ ಉಸಿರಿಗೆ ಒಳ್ಳೆಯದಲ್ಲ. ಪುಟ್ಟ ಫ್ಯಾನ್ ಇಟ್ಟುಕೊಳ್ಳಿ. ಸೀಸ ಹೊಟ್ಟೆಗೆ ಹೋಗುವುದು ಕೈಯಿಂದ. ಕೆಲಸದ ನಡುವೆ ಚುರುಮುರಿ ತಿನ್ನಬೇಡಿ, ಎದ್ದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ತಗಡಿನ ಕೆಲಸದವರು ಬಳಸುವ ಆಸಿಡ್ ಫ್ಲಕ್ಸ್ ಮಾತ್ರ ಬೋರ್ಡಿನ ಹತ್ತಿರ ತರಬೇಡಿ. ಅದು ಉಳಿದರೆ ತಾಮ್ರವನ್ನು ನಿಧಾನವಾಗಿ ಕೊರೆಯುತ್ತದೆ.